ವಿಯೆಟ್ನಾಂ ಬೆಟ್ಟಗಳಲ್ಲಿ ಬೈಕ್ ಟೂರ್: ಮುಂದಿನ ಸೀಟಾ, ಹಿಂದಿನ ಸೀಟಾ?

(ಈ ವಾರದ ಪಾಡ್‌ಕಾಸ್ಟ್‌ನ ಪಠ್ಯರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

 

ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. ಕೆಲವು ತಿಂಗಳ ಹಿಂದೆ ಕಡಿಮೆ ಖರ್ಚಿನ ವಿದೇಶ ಪ್ರವಾಸದ ಬಗ್ಗೆ ಒಂದು ಎಪಿಸೋಡ್ ಮಾಡಿದ್ದೆ. ಅದರಲ್ಲಿ ಹೀಗೆ ಹೇಳಿದ್ದೆ: ‘ಆರ್‌ಟಿಒದಲ್ಲಿ ಸಾವಿರ ರೂಪಾಯಿ ಕಟ್ಟಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸ್ಕೊಳ್ಳಿ, ವಿಯೆಟ್ನಾಂನಲ್ಲಿ ಆರಾಮಾಗಿ ಬೈಕ್ ಓಡಿಸಿ.’ ಆ ಮಾತು ತಪ್ಪು. ಅದಕ್ಕೆ ಬೆಲೆ ತೆತ್ತಿದ್ದು ನಾನಲ್ಲ, ನನ್ನ ಕಾಲೇಜು ಗೆಳೆಯ. ಅವನನ್ನು ಕೇಳಿಯೇ ಈ ಎಪಿಸೋಡ್ ಮಾಡ್ತಿದ್ದೀನಿ. ‘ಹೇಳು, ಆದ್ರೆ ಹೆಸರು ಹೇಳ್ಬೇಡ’ ಅಂದಿದ್ದಾನೆ.

ಹಾಗಾಗಿ ಇವತ್ತಿನ ವಿಷಯ ಇದು: ವಿಯೆಟ್ನಾಂನ ಹಳ್ಳಿಗಾಡನ್ನು ಬೈಕ್ ಮೇಲೆ, ಅಲ್ಲಿನವರೇ ಆದ ಗೈಡ್ ಜೊತೆ ಸುತ್ತೋದು ಅಂದ್ರೆ ಏನು? ಗೈಡ್‌ಗೆ ಕೊಡೋ ದುಡ್ಡಿಗೆ ನಮಗೆ ಸಿಗೋದೇನು? ನಾವೇ ಓಡಿಸಬೇಕಾ, ಹಿಂದೆ ಕೂರಬೇಕಾ?

ಹೋಗಿದ್ದು ಎಲ್ಲಿಗೆ?

ವಿಯೆಟ್ನಾಂನ ಉತ್ತರದ ತುತ್ತತುದಿಯಲ್ಲಿ, ಚೀನಾ ಗಡಿಗೆ ಅಂಟಿಕೊಂಡಂತೆ ಹಾ ಜಾಂಗ್ ಅನ್ನೋ ಬೆಟ್ಟದ ಸೀಮೆ ಇದೆ. 2025ರ ಜುಲೈವರೆಗೆ ಅದೇ ಒಂದು ಪ್ರಾಂತ್ಯವಾಗಿತ್ತು, ಈಗ ಪಕ್ಕದ ತುಯೆನ್ ಕ್ವಾಂಗ್ ಪ್ರಾಂತ್ಯದಲ್ಲಿ ಸೇರಿಹೋಗಿದೆ. ರಾಜಧಾನಿ ಹನೋಯ್‌ನಿಂದ ಸುಮಾರು 300 ಕಿಲೋಮೀಟರ್, ಬಸ್ಸಿನಲ್ಲಿ ಆರೇಳು ಗಂಟೆ. ಹಾ ಜಾಂಗ್ ಪಟ್ಟಣದಿಂದ ಹೊರಟು ಕ್ವಾನ್ ಬಾ, ಯೆನ್ ಮಿನ್, ದೋಂಗ್ ವಾನ್, ಮೆಯೊ ವಾಕ್ ಸುತ್ತಿ ಮತ್ತೆ ಅಲ್ಲಿಗೇ ಬಂದರೆ ಹೆಚ್ಚುಕಡಿಮೆ 350 ಕಿಲೋಮೀಟರ್. ಇದನ್ನೇ ‘ಹಾ ಜಾಂಗ್ ಲೂಪ್’ ಅನ್ನೋದು. ರೀಲ್ಸ್‌ನಲ್ಲಿ ನೀವು ನೋಡಿರ್ತೀರಿ.

ಇಡೀ ಸೀಮೆ ಸುಣ್ಣದ ಕಲ್ಲಿನದು. ದೋಂಗ್ ವಾನ್ ಪ್ರಸ್ಥಭೂಮಿಗೆ 2010ರಲ್ಲಿ ಜಾಗತಿಕ ಜಿಯೋಪಾರ್ಕ್ ಮಾನ್ಯತೆ ಸಿಕ್ಕಿತು. ಎಲ್ಲಿ ನೋಡಿದರೂ ಚೂಪು ಚೂಪು ಕಲ್ಲು. ಕಲ್ಲುಗಳ ನಡುವೆ ಒಂದು ಬೊಗಸೆ ಮಣ್ಣಿದ್ದರೂ ಅಲ್ಲೊಂದು ಮೆಕ್ಕೆಜೋಳದ ಗಿಡ ಇರುತ್ತೆ. ಅಷ್ಟು ಕಷ್ಟದ ಬೇಸಾಯ. ಹ್ಮಾಂಗ್, ತಾಯ್, ಯಾವ್, ಲೋ ಲೋ ಹೀಗೆ ಹಲವು ಸಮುದಾಯಗಳು ಇಲ್ಲಿವೆ. ಒಬ್ಬೊಬ್ಬರದೂ ಬೇರೆ ಭಾಷೆ, ಬೇರೆ ಉಡುಗೆ. ಹನೋಯ್‌ನಿಂದ ಬಂದ ವಿಯೆಟ್ನಾಮಿಗೂ ಇಲ್ಲಿ ಎಲ್ಲ ಮಾತೂ ಅರ್ಥ ಆಗೋದಿಲ್ಲ.

ಇನ್ನು ಆ ರಸ್ತೆ. ಅದಕ್ಕೆ ‘ಸಂತೋಷದ ರಸ್ತೆ’ ಅಂತ ಹೆಸರು. ಕಟ್ಟಿದ ಕಥೆ ಕೇಳಿದ್ರೆ ಸಂತೋಷ ಅನ್ನಿಸೋದಿಲ್ಲ. 1959ರಲ್ಲಿ ಶುರುವಾಗಿ 1965ರಲ್ಲಿ ಮುಗಿಯಿತು, 185 ಕಿಲೋಮೀಟರ್. ಹಾರೆ, ಗುದ್ದಲಿ, ಸುತ್ತಿಗೆ ಹಿಡಿದು ಕೆಲಸ ಮಾಡಿದವರು ಸಾವಿರಾರು ಯುವಕ ಯುವತಿಯರು. ಮಾ ಪಿ ಲೆಂಗ್ ಅನ್ನೋ ಘಾಟಿಯ ಹತ್ತಿರ ಬಂಡೆ ನೆಟ್ಟಗೆ ಇಳಿಯುತ್ತೆ, ಕೆಳಗೆ ನ್ಯೊ ಕ್ವೆ ನದಿ ಹಸಿರು ದಾರದ ಥರ ಕಾಣುತ್ತೆ. ಅಲ್ಲಿ ನಿಲ್ಲೋಕೂ ಜಾಗ ಇರಲಿಲ್ಲವಂತೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೇತಾಡ್ತಾ 11 ತಿಂಗಳು ಬಂಡೆ ಕಡಿದರು. ಇವತ್ತು ನಾವು ಸೆಲ್ಫಿಗೆ ಬೈಕ್ ನಿಲ್ಲಿಸೋದು ಅದೇ ಜಾಗದಲ್ಲಿ.

‘ಈಸಿ ರೈಡರ್’ ಅಂದ್ರೆ ಯಾರು?

ಹತ್ತು ಕೋಟಿ ಜನರ ದೇಶ ಅದು. ನೋಂದಣಿಯಾದ ಮೋಟಾರ್‌ಬೈಕ್‌ಗಳೇ 7 ಕೋಟಿಗೂ ಹೆಚ್ಚು. ಕೋಳಿ, ಫ್ರಿಜ್ಜು, ಮದುವೆ ಹೂವು ಎಲ್ಲ ಸಾಗೋದು ಬೈಕ್ ಮೇಲೆಯೇ. ಬಾಡಿಗೆ ಬೈಕಿಗೆ ಅಲ್ಲಿ ‘ಸೆ ಓಮ್’ ಅಂತಾರೆ. ‘ಸೆ’ ಅಂದ್ರೆ ಗಾಡಿ, ‘ಓಮ್’ ಅಂದ್ರೆ ತಬ್ಬಿಕೊಳ್ಳೋದು. ಹಿಂದೆ ಕೂತವರು ಮುಂದಿನವರನ್ನು ಹಿಡ್ಕೋತಾರಲ್ಲ, ಅದಕ್ಕೆ ಆ ಹೆಸರು.

ಪ್ರವಾಸಿಗರನ್ನು ಹಿಂದೆ ಕೂರಿಸಿಕೊಂಡು ಊರೂರು ತೋರಿಸೋ ಪದ್ಧತಿಗೆ ಹೆಸರು ಬಂದಿದ್ದು ದೇಶದ ದಕ್ಷಿಣದಲ್ಲಿರುವ ದಾ ಲಾಟ್‌ನಿಂದ. 1986ರಲ್ಲಿ ಸರ್ಕಾರ ಆರ್ಥಿಕತೆಯನ್ನು ತೆರೆಯೋಕೆ ಶುರು ಮಾಡಿತು. 1990ರ ದಶಕದಲ್ಲಿ ವಿದೇಶಿಯರು ಬರತೊಡಗಿದರು. ದಾ ಲಾಟ್‌ನ ಬಾಡಿಗೆ ಬೈಕಿನವರಲ್ಲಿ ಯುದ್ಧಕಾಲದಲ್ಲಿ ದಕ್ಷಿಣದ ಪರ ಇದ್ದವರು, ಒಂದಿಷ್ಟು ಇಂಗ್ಲಿಷ್ ಬಲ್ಲವರು, ಯುದ್ಧ ಮುಗಿದ ಮೇಲೆ ಸರಿಯಾದ ಕೆಲಸ ಸಿಗದವರು ಇದ್ದರು ಅಂತ ಹೇಳ್ತಾರೆ. ಅವರು ಗುಂಪು ಕಟ್ಟಿಕೊಂಡು ‘ಈಸಿ ರೈಡರ್’ ಅಂತ ಕರೆದುಕೊಂಡರು. 1969ರ ಅಮೆರಿಕನ್ ಸಿನಿಮಾದ ಹೆಸರು ಅದು. ಈಗ ದೇಶದುದ್ದಕ್ಕೂ ಇಂಥ ಗೈಡ್‌ಗಳಿಗೆ ಅದೇ ಹೆಸರು.

ಹಾ ಜಾಂಗ್‌ನಲ್ಲಿ ನಿಮ್ಮ ಮುಂದೆ ಮೂರು ದಾರಿ ಇರುತ್ತೆ. ಒಂದು, ಬೈಕ್ ಬಾಡಿಗೆಗೆ ಹಿಡಿದು ನಾವೇ ಹೋಗೋದು. ಎರಡು, ನಾವು ಓಡಿಸೋದು, ಗೈಡ್ ಇನ್ನೊಂದು ಬೈಕಲ್ಲಿ ಮುಂದೆ ಹೋಗೋದು. ಮೂರು, ಗೈಡ್ ಹಿಂದೆ ಕೂರೋದು. ಕೊನೆಯದೇ ಈಸಿ ರೈಡರ್.

ನಾನು ಮೂರನೆಯದನ್ನು ಆರಿಸಿಕೊಂಡೆ. ಬುದ್ಧಿವಂತಿಕೆಯಿಂದ ಅಂದ್ಕೋಬೇಡಿ. ದಾರಿಯಲ್ಲಿ ಆಡಿಯೋ ರೆಕಾರ್ಡ್ ಮಾಡಬೇಕಿತ್ತು, ಮೈಕ್ ಹಿಡಿಯೋಕೆ ಕೈ ಖಾಲಿ ಬೇಕಿತ್ತು, ಅಷ್ಟೇ. ಗೆಳೆಯ ಎರಡನೆಯದನ್ನು ಆರಿಸಿಕೊಂಡ. ‘ಹತ್ತು ವರ್ಷದಿಂದ ಬುಲೆಟ್ ಓಡಿಸ್ತಿದ್ದೀನಿ ಮಗಾ, ಇನ್ನೊಬ್ಬರ ಹಿಂದೆ ಕೂತ್ಕೊಳ್ಳಾ?’ ಅಂದ. ಪರ್ಮಿಟ್ ಬಗ್ಗೆ ನಾನೇ ಧೈರ್ಯ ಕೊಟ್ಟಿದ್ದೆ. ಬಾಡಿಗೆ ಅಂಗಡಿಯಲ್ಲಿ ಪರ್ಮಿಟ್ ತೆರೆದೂ ನೋಡಲಿಲ್ಲ. ಡಿಪಾಸಿಟ್ ತಗೊಂಡು ಕೀ ಕೊಟ್ಟರು. ಅಂಗಡಿಯವರು ಕೀ ಕೊಟ್ಟರೆ ಕಾನೂನೂ ಒಪ್ಪಿದೆ ಅಂತ ನಾವಂದುಕೊಂಡ್ವಿ.

ಗೈಡ್ ಮಾಡೋ ಕೆಲಸ, ಬಿಲ್‌ನಲ್ಲಿ ಬರೆಯದ್ದು

ನಮ್ಮ ಗೈಡ್ ತಾಯ್ ಸಮುದಾಯದ ಹುಡುಗ, ಅಲ್ಲಿನ ಹಳ್ಳಿಯವನೇ. ಮೊದಲು ಕೇಳಿದ್ದು ನನ್ನ ವಯಸ್ಸು. ‘ಇವನಿಗ್ಯಾಕಪ್ಪಾ’ ಅನ್ನಿಸ್ತು. ಆಮೇಲೆ ಗೊತ್ತಾಯ್ತು, ಅವರ ಭಾಷೆಯಲ್ಲಿ ವಯಸ್ಸು ತಿಳಿಯದೆ ಮಾತೇ ಶುರುವಾಗೋದಿಲ್ಲ. ದೊಡ್ಡವನಾದರೆ ‘ಆನ್’, ಚಿಕ್ಕವನಾದರೆ ‘ಎಮ್’. ನಮ್ಮ ಅಣ್ಣ, ತಮ್ಮ ಇದ್ದ ಹಾಗೆ. ನಾಲ್ಕು ವರ್ಷ ದೊಡ್ಡವನಾದ ನಾನು ಅಣ್ಣನಾದೆ.

ಹೊರಡುವಾಗ ಎರಡು ಪದ ಕಲಿಸಿದ: ‘ತೂ ತೂ’. ಅಂದ್ರೆ ನಿಧಾನ, ನಿಧಾನ. ಅದನ್ನು ಗೆಳೆಯನ ಕಡೆ ನೋಡಿಕೊಂಡೇ ಹೇಳಿದ.

ಮೊದಲ ದಿನ ಕ್ವಾನ್ ಬಾ ಹತ್ತುವಾಗ ಹಿಂದಿನ ಸೀಟಿನಿಂದ ಅವನನ್ನೇ ಗಮನಿಸಿದೆ. ಪ್ರತಿ ಕುರುಡು ತಿರುವಿಗೂ ಮುಂಚೆ ಸಣ್ಣದೊಂದು ಹಾರ್ನ್. ಎದುರಿನಿಂದ ಉತ್ತರ ಬಂದರೆ ಬಲದ ಅಂಚಿಗೆ ಸರಿತಿದ್ದ. ಮಳೆ ಬಿದ್ದ ಕಡೆ ಮಣ್ಣಿನ ಬಣ್ಣ ನೋಡಿ ಗೇರ್ ಇಳಿಸ್ತಿದ್ದ. ಬೆಟ್ಟದಿಂದ ಚಿಕ್ಕ ಕಲ್ಲು ಉದುರಿದ್ದು ಕಂಡರೆ ಅಲ್ಲಿ ನಿಲ್ಲೋದೇ ಇಲ್ಲ, ನಾನು ಎಷ್ಟೇ ಫೋಟೋ ಅಂದರೂ. ಇಲ್ಲಿ ಜೂನ್‌ನಿಂದ ಆಗಸ್ಟ್ ಜೋರು ಮಳೆ, ಗುಡ್ಡ ಕುಸಿಯೋದು ಮಾಮೂಲು. 2024ರ ಸೆಪ್ಟೆಂಬರ್‌ನಲ್ಲಿ ಯಾಗಿ ಚಂಡಮಾರುತ ಬಂದಾಗಲಂತೂ ಇಡೀ ಉತ್ತರ ವಿಯೆಟ್ನಾಂ ನಲುಗಿತ್ತು. ಯಾವ ರಸ್ತೆ ತೆರೆದಿದೆ ಅನ್ನೋದು ಅವನಿಗೆ ಗೂಗಲ್ ಮ್ಯಾಪ್‌ಗಿಂತ ಮೊದಲೇ ಗೊತ್ತಾಗ್ತಿತ್ತು. ಗೈಡ್‌ಗಳೆಲ್ಲ ಫೋನಲ್ಲಿ ಒಬ್ಬರಿಗೊಬ್ಬರು ಹೇಳ್ತಾನೇ ಇರ್ತಾರೆ.

ಎರಡನೇ ದಿನ ಥಾಮ್ ಮಾ ಘಾಟಿಯ ವ್ಯೂಪಾಯಿಂಟ್‌ನಲ್ಲಿ ಪುಟ್ಟ ಮಕ್ಕಳು ಬೆನ್ನಿಗೆ ಹೂವಿನ ಬುಟ್ಟಿ ಕಟ್ಟಿಕೊಂಡು ನಿಂತಿದ್ದರು. ಜೊತೆಗೆ ಫೋಟೋ ತೆಗೆಸಿಕೊಂಡರೆ ದುಡ್ಡು. ನಾನು ಪರ್ಸ್ ತೆಗೆದೆ. ‘ಬೇಡ ಆನ್’ ಅಂದ ಗೈಡ್. ‘ಇವತ್ತು ಶಾಲೆ ಇದೆ. ನೀವು ಕೊಟ್ಟರೆ ನಾಳೆನೂ ಇಲ್ಲೇ ನಿಂತಿರ್ತಾರೆ.’ ಪರ್ಸ್ ಒಳಗಿಟ್ಟೆ. ಆ ಮಗುವಿನ ಮುಖ ನೋಡೋಕೆ ಕಷ್ಟ ಆಯ್ತು, ನಿಜ. ಆದ್ರೆ ಇದನ್ನು ಹೇಳೋಕೆ ಅಲ್ಲಿಯವನೇ ಬೇಕಿತ್ತು.

ಊಟದ ವಿಷಯ ಕೇಳ್ತೀರಿ ಅಂತ ಗೊತ್ತು. ಸಸ್ಯಾಹಾರಿಗಳೇ, ‘ತೊಯ್ ಆನ್ ಚಾಯ್’ ಅನ್ನೋದನ್ನು ಬಾಯಿಪಾಠ ಮಾಡಿ. ನಾನು ಸಸ್ಯಾಹಾರಿ ಅಂತ ಅರ್ಥ. ಟೀ ಕೇಳ್ತಿದ್ದೀರಿ ಅಂತ ಯಾರೂ ಅಂದ್ಕೊಳ್ಳಲ್ಲ. ಆದ್ರೆ ಅಷ್ಟೇ ಹೇಳಿದ್ರೆ ಸಾಲದು. ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತೆ, ಒಗ್ಗರಣೆಗೆ ಹಂದಿ ಕೊಬ್ಬು ಇರಬಹುದು. ನಮ್ಮ ಗೈಡ್ ಪ್ರತಿ ಮನೆಯಲ್ಲೂ ಅಡುಗೆಮನೆಗೇ ಹೋಗಿ ಹೇಳಿ ಬರ್ತಿದ್ದ. ಟೊಮೆಟೊ ಹಾಕಿದ ತೋಫು, ಬೆಳ್ಳುಳ್ಳಿ ಹಾಕಿ ಹುರಿದ ಸೊಪ್ಪು, ಅನ್ನ. ಒಂದು ಕಡೆ ‘ಮೆನ್ ಮೆನ್’ ಸಿಕ್ತು. ಮೆಕ್ಕೆಜೋಳ ಬೀಸಿ ಹಬೆಯಲ್ಲಿ ಬೇಯಿಸಿದ್ದು, ಹ್ಮಾಂಗ್ ಜನರ ನಿತ್ಯದ ಊಟ. ನೋಡೋಕೆ ನಮ್ಮ ಅಕ್ಕಿ ತರಿ ಉಪ್ಪಿಟ್ಟಿನ ಹಾಗೆ ಉದುರುದುರು. ಸಾರಿಲ್ಲದೆ ಗಂಟಲಲ್ಲಿ ಇಳಿಯೋದಿಲ್ಲ.

ರಾತ್ರಿ ಹೋಂಸ್ಟೇಗಳಲ್ಲಿ ಜೋಳದ ಸಾರಾಯಿ ಬರುತ್ತೆ. ಇಲ್ಲೊಂದು ಕಾನೂನು ತಿಳಿದಿರಲಿ: 2020ರ ಜನವರಿಯಿಂದ ವಿಯೆಟ್ನಾಂನಲ್ಲಿ ಕುಡಿದು ಓಡಿಸೋದಕ್ಕೆ ‘ಇಷ್ಟರವರೆಗೆ ಪರವಾಗಿಲ್ಲ’ ಅನ್ನೋ ಮಿತಿ ಇಲ್ಲ. ಸೊನ್ನೆ ಅಂದ್ರೆ ಸೊನ್ನೆ. ರಾತ್ರಿ ಕುಡಿದದ್ದು ಬೆಳಿಗ್ಗೆ ಉಸಿರಲ್ಲಿದ್ದರೂ ದಂಡ. ನಮ್ಮ ಗೈಡ್ ಒಂದು ಚಿಕ್ಕ ಲೋಟ ಎತ್ತಿ, ಮನೆಯ ಯಜಮಾನರಿಗೆ ಗೌರವ ತೋರಿಸಿ, ಕುಡಿಯದೆ ಕೆಳಗಿಟ್ಟ.

ಮೂರನೇ ದಿನ ಮಧ್ಯಾಹ್ನ

ಮಾ ಪಿ ಲೆಂಗ್ ದಾಟಿ, ಮೆಯೊ ವಾಕ್‌ನಲ್ಲಿ ಊಟ ಮಾಡಿ, ದು ಜಾ ಕಡೆ ಹೊರಟಿದ್ವಿ. ಅಕ್ಟೋಬರ್ ಕೊನೆ. ಇಳಿಜಾರಿನಲ್ಲೆಲ್ಲ ಬಕ್‌ವೀಟ್ ಹೂವಿನ ಗುಲಾಬಿ ಬಣ್ಣ. ಬಿಸಿಲೂ ಇತ್ತು, ರಸ್ತೆಯೂ ಖಾಲಿ.

ಒಂದು ವಿಷಯ ಇಲ್ಲಿ ಹೇಳಲೇಬೇಕು. ವಿಯೆಟ್ನಾಂನಲ್ಲಿ ಗಾಡಿ ಓಡಿಸೋದು ರಸ್ತೆಯ ಬಲಗಡೆ. ನಾವು ಹುಟ್ಟಿದಾಗಿನಿಂದ ಎಡಗಡೆ. ಎರಡು ದಿನದಲ್ಲಿ ತಲೆ ಒಗ್ಗಿಕೊಳ್ಳುತ್ತೆ, ಕೈ ಒಗ್ಗಿಕೊಂಡಿರೋದಿಲ್ಲ. ಗಾಬರಿಯಾದಾಗ ಕೈ ತನ್ನ ಹಳೇ ಅಭ್ಯಾಸಕ್ಕೇ ಹೋಗುತ್ತೆ.

ಒಂದು ತಿರುವಿನಲ್ಲಿ ಲಾರಿ ಬಂತು. ನಾವು ಬಲಕ್ಕೆ ಸರಿದ್ವಿ. ಹಿಂದೆ ಇದ್ದ ಗೆಳೆಯ ಎಡಕ್ಕೆ ಎಳೆದ, ಅಂದ್ರೆ ಲಾರಿಯ ಮುಂದಕ್ಕೇ. ಕ್ಷಣದಲ್ಲಿ ಗೊತ್ತಾಗಿ ವಾಪಸ್ ತಿರುಗಿಸಿ ಮುಂದಿನ ಬ್ರೇಕ್ ಒತ್ತಿಹಿಡಿದ. ಅಲ್ಲಿ ಜಲ್ಲಿ ಇತ್ತು. ಲಾರಿ ತಾಗಲಿಲ್ಲ. ಬೈಕ್ ಜಾರಿ, ಅವನು ಭುಜದ ಮೇಲೆ ಬಿದ್ದ.

ನನ್ನ ಮೈಕ್ ಆನ್ ಇತ್ತು. ಆ ಶಬ್ದ ನನ್ನ ಹತ್ತಿರ ಇದೆ. ಈ ಎಪಿಸೋಡ್‌ನಲ್ಲಿ ಹಾಕಿಲ್ಲ, ಹಾಕೋದೂ ಇಲ್ಲ.

ನಾನು ಓಡಿ ಹೋಗಿ ಅವನನ್ನು ಎತ್ತೋಕೆ ನೋಡಿದೆ. ಗೈಡ್ ನನ್ನ ಕೈ ಹಿಡಿದು ನಿಲ್ಲಿಸಿದ. ಮೊದಲು ತಿರುವಿನ ಎರಡೂ ಬದಿಯಲ್ಲಿ ಸೊಪ್ಪಿನ ಕೊಂಬೆ ಮುರಿದು ರಸ್ತೆ ಮೇಲೆ ಹಾಕಿಸಿದ, ಬರೋ ಗಾಡಿಗಳಿಗೆ ಗೊತ್ತಾಗಲಿ ಅಂತ. ಆಮೇಲೆ ಗೆಳೆಯನ ಹತ್ತಿರ ಕೂತು ಬೆರಳು, ಕಾಲು ಆಡಿಸೋಕೆ ಹೇಳಿದ. ಹೆಲ್ಮೆಟ್ ತೆಗೆಯೋಕೆ ಬಿಡಲಿಲ್ಲ. ಎರಡು ಫೋನ್ ಮಾಡಿದ. ಮುಕ್ಕಾಲು ಗಂಟೆಯಲ್ಲಿ ಅವನ ಪರಿಚಯದವರ ಕಾರು ಬಂತು. ಆಸ್ಪತ್ರೆಯಲ್ಲಿ ಡಾಕ್ಟರ್ ಹೇಳಿದ್ದನ್ನೆಲ್ಲ ನಮಗೆ ತಿಳಿಯೋ ಇಂಗ್ಲಿಷ್‌ನಲ್ಲಿ ಹೇಳಿದ್ದೂ ಅವನೇ. ಕಾಲರ್ ಬೋನ್ ಎರಡು ಕಡೆ ಮುರಿದಿತ್ತು. ಮರುದಿನ ಹನೋಯ್‌ಗೆ, ಅಲ್ಲಿ ಆಪರೇಷನ್.

ಕಾಗದದ ಲೆಕ್ಕ

ಈಗ ನನ್ನ ತಪ್ಪಿಗೆ ಬರ್ತೀನಿ. ಬಿ.ಕಾಂ. ಓದಿದವನು ನಾನು. ಒಪ್ಪಂದ ಓದದೆ ಮಾತಾಡಬಾರದು ಅಂತ ಗೊತ್ತಿರಬೇಕಿತ್ತು.

ರಸ್ತೆ ಸಂಚಾರದ ಬಗ್ಗೆ ಎರಡು ಮುಖ್ಯ ಅಂತಾರಾಷ್ಟ್ರೀಯ ಒಪ್ಪಂದಗಳಿವೆ. ಒಂದು 1949ರ ಜಿನೀವಾ ಒಪ್ಪಂದ, ಇನ್ನೊಂದು 1968ರ ವಿಯೆನ್ನಾ ಒಪ್ಪಂದ. ನಮ್ಮ ಆರ್‌ಟಿಒ ಕೊಡೋ ಇಂಟರ್‌ನ್ಯಾಷನಲ್ ಪರ್ಮಿಟ್ 1949ರ ಒಪ್ಪಂದದ ಪ್ರಕಾರದ್ದು. ವಿಯೆಟ್ನಾಂ 2014ರಲ್ಲಿ ಸೇರಿದ್ದು 1968ರ ಒಪ್ಪಂದಕ್ಕೆ. ಅಲ್ಲಿ ಮಾನ್ಯವಾಗೋದು ಆ ಒಪ್ಪಂದದ ಪರ್ಮಿಟ್ ಮಾತ್ರ. ಅಂದ್ರೆ ನಮ್ಮ ಪುಸ್ತಕ ಅಲ್ಲಿ ಬರೀ ಕಾಗದ. 50 ಸಿಸಿಗಿಂತ ಚಿಕ್ಕ ಗಾಡಿಗೆ ಲೈಸೆನ್ಸ್ ಬೇಡ, ಆದ್ರೆ ಆ ಘಾಟಿ ಹತ್ತೋಕೆ ಅದರ ಶಕ್ತಿ ಸಾಲದು.

ಪೊಲೀಸರು ಹಿಡಿದರೆ ದಂಡ ಕಟ್ಟಿ ಮುಗಿಸಬಹುದು. ದೊಡ್ಡ ಪೆಟ್ಟು ಇನ್ಶೂರೆನ್ಸ್‌ನಲ್ಲಿ ಬೀಳುತ್ತೆ. ಟ್ರಾವೆಲ್ ಪಾಲಿಸಿಯ ಮೊದಲ ಪುಟದಲ್ಲಿ ದೊಡ್ಡ ಮೊತ್ತ ಇರುತ್ತೆ. ಒಳಗಿನ ಪುಟಗಳಲ್ಲಿ ‘ಇವುಗಳಿಗೆ ಪರಿಹಾರ ಇಲ್ಲ’ ಅನ್ನೋ ಪಟ್ಟಿ ಇರುತ್ತೆ. ಆ ದೇಶದಲ್ಲಿ ಮಾನ್ಯವಾದ ಲೈಸೆನ್ಸ್ ಇಲ್ಲದೆ ಓಡಿಸಿದಾಗ ಆದ ಅಪಘಾತ ಸಾಮಾನ್ಯವಾಗಿ ಆ ಪಟ್ಟಿಯಲ್ಲಿರುತ್ತೆ. ಗೆಳೆಯನ ಕ್ಲೇಮ್ ತಿರಸ್ಕಾರ ಆಗಿದ್ದು ಆ ಒಂದೇ ಸಾಲಿನಿಂದ. ಕಂಪನಿಯವರನ್ನು ಬೈಯೋಣ ಅಂದ್ರೆ, ಸಾಲು ಅಲ್ಲೇ ಇತ್ತು, ನಾವು ಓದಿರಲಿಲ್ಲ.

ಲೆಕ್ಕ ಹೇಳಿಬಿಡ್ತೀನಿ. ನಾಲ್ಕು ದಿನದ ಈಸಿ ರೈಡರ್‌ಗೆ, ಊಟ ಮತ್ತು ಹೋಂಸ್ಟೇ ಸೇರಿ, ನಾನು ಕೊಟ್ಟಿದ್ದು 55 ಲಕ್ಷ ಡಾಂಗ್. ಹೆದರಬೇಡಿ, ರೂಪಾಯಿಗೆ ಸುಮಾರು 300 ಡಾಂಗ್, ಹಾಗಾಗಿ 18 ಸಾವಿರದ ಆಸುಪಾಸು. ತಾನೇ ಓಡಿಸಿದ್ದರಿಂದ ಗೆಳೆಯನಿಗೆ ಉಳಿದಿದ್ದು 8 ಸಾವಿರ ರೂಪಾಯಿ. ಆಸ್ಪತ್ರೆ, ಹೊಸ ಟಿಕೆಟ್, ಬೈಕ್ ರಿಪೇರಿ ಸೇರಿ ಹೋಗಿದ್ದು 3 ಲಕ್ಷ ಚಿಲ್ಲರೆ. ಅದು ಅವನ ತಂಗಿ ಮದುವೆಗೆ ಅಂತ ಕೂಡಿಟ್ಟ ದುಡ್ಡು. ನಾನು ಅರ್ಧ ಕೊಡ್ತೀನಿ ಅಂದಿದ್ದೀನಿ. ತಿಂಗಳಿಗಿಷ್ಟು ಅಂತ ಕೊಡ್ತಾ ಇದ್ದೀನಿ.

ಹಾಗಾದ್ರೆ ಹೋಗಲೇಬಾರದಾ?

ಹೋಗಿ. ಖಂಡಿತ ಹೋಗಿ. ಇ-ವೀಸಾ ಸುಲಭ: 2023ರ ಆಗಸ್ಟ್‌ನಿಂದ 90 ದಿನದವರೆಗೆ ಕೊಡ್ತಾರೆ, ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಸೆಪ್ಟೆಂಬರ್ ಕೊನೆಯಿಂದ ನವೆಂಬರ್, ಇಲ್ಲಾ ಮಾರ್ಚ್‌ನಿಂದ ಮೇ ಒಳ್ಳೆ ಕಾಲ. ಹೋಗೋದಾದ್ರೆ ಹಿಂದಿನ ಸೀಟಲ್ಲಿ ಹೋಗಿ. ಬುಕ್ ಮಾಡೋ ಮುಂಚೆ ಈ ಐದು ಪ್ರಶ್ನೆ ಕೇಳಿ:

1. ಗೈಡ್ ಯಾವ ಊರಿನವರು? ಹಾ ಜಾಂಗ್ ಕಡೆಯವರಾದರೆ ರಸ್ತೆಯೂ ಗೊತ್ತು, ಮನೆಗಳೂ ಗೊತ್ತು. ದುಡ್ಡೂ ಆ ಹಳ್ಳಿಗಳಲ್ಲೇ ಉಳಿಯುತ್ತೆ.

2. ಓಡಿಸೋ ಬೈಕಿನ ಸಿಸಿಗೆ ತಕ್ಕ ಲೈಸೆನ್ಸ್ ಅವರಿಗೆ ಇದೆಯಾ? ಕೇಳೋಕೆ ಸಂಕೋಚ ಬೇಡ. ಒಳ್ಳೆ ಗೈಡ್ ತಾನೇ ತೋರಿಸ್ತಾನೆ.

3. ಗುಂಪಿನಲ್ಲಿ ಎಷ್ಟು ಬೈಕ್? ಇಪ್ಪತ್ತು ಮೂವತ್ತು ಬೈಕಿನ ಮೆರವಣಿಗೆ, ರಾತ್ರಿ ಪೂರ್ತಿ ಕರಾವೊಕೆ ಇರೋ ಟೂರ್‌ಗಳೂ ಇವೆ. ಮಾರನೇ ದಿನ ನಿದ್ದೆಗೆಟ್ಟು ಓಡಿಸೋರು ನಿಮ್ಮ ಗೈಡೇ ಅನ್ನೋದು ನೆನಪಿರಲಿ.

4. ನೀವು ಕೊಡೋ ಮೊತ್ತದಲ್ಲಿ ಗೈಡ್ ಕೈಗೆ ದಿನಕ್ಕೆಷ್ಟು ಸೇರುತ್ತೆ? ತುಂಬಾ ಅಗ್ಗದ ಟೂರ್‌ನಲ್ಲಿ ಆ ಅಗ್ಗ ಯಾರ ಜೇಬಿನಿಂದ ಬಂತು ಅಂತ ಯೋಚಿಸಿ.

5. ನಿಮ್ಮ ಪಾಲಿಸಿಯಲ್ಲಿ ಬೈಕಿನ ಹಿಂದೆ ಕೂತವರಿಗೆ ರಕ್ಷಣೆ ಇದೆಯಾ? ಕೆಲವು ಪಾಲಿಸಿಗಳು ಬೈಕ್ ಪ್ರಯಾಣವನ್ನೇ ಹೊರಗಿಡ್ತವೆ, ಕೆಲವು ಸಿಸಿ ಮಿತಿ ಹಾಕ್ತವೆ. ಉತ್ತರವನ್ನು ಈಮೇಲ್‌ನಲ್ಲಿ ಬರಹದಲ್ಲಿ ತಗೊಳ್ಳಿ. ಫೋನಲ್ಲಿ ಹೇಳಿದ ಮಾತನ್ನು ಆಮೇಲೆ ಸಾಬೀತು ಮಾಡೋದು ಕಷ್ಟ.

ಹೆಲ್ಮೆಟ್ 2007ರಿಂದಲೇ ಅಲ್ಲಿ ಕಡ್ಡಾಯ, ಹಿಂದೆ ಕೂತವರಿಗೂ. ಕೊಟ್ಟ ಹೆಲ್ಮೆಟ್ ಸಡಿಲ ಇದ್ದರೆ ಬದಲಾಯಿಸಿಕೊಳ್ಳಿ. ಮಂಡಿ, ಮೊಣಕೈಗೆ ಗಾರ್ಡ್ ಕೇಳಿ.

ಹಿಂದೆ ಕೂತರೆ ಮಜಾ ಕಡಿಮೆ ಅಲ್ವಾ ಅಂತ ಕೇಳಬಹುದು. ನನ್ನ ಅನುಭವ ಹೇಳ್ತೀನಿ. ಮಾ ಪಿ ಲೆಂಗ್‌ನಲ್ಲಿ ಗೆಳೆಯ ನೋಡಿದ್ದು ಮುಂದಿನ ಹತ್ತು ಮೀಟರ್ ಟಾರು. ನಾನು ನೋಡಿದ್ದು ಇಡೀ ಕಣಿವೆ. ಅವನೇ ಆಮೇಲೆ ನನ್ನ ವಿಡಿಯೋ ನೋಡಿ, ‘ಈ ನದಿ ನಾನು ನೋಡ್ಲೇ ಇಲ್ವಲ್ಲೋ’ ಅಂದ.

ಈಗ ಅವನು ಚೆನ್ನಾಗಿದ್ದಾನೆ. ಎಡಗೈ ಮೇಲೆತ್ತುವಾಗ ಇನ್ನೂ ಸ್ವಲ್ಪ ಹಿಡಿಯುತ್ತೆ. ಗೈಡ್ ಆಗಾಗ ಮೆಸೇಜ್ ಮಾಡಿ ಭುಜ ಹೇಗಿದೆ ಅಂತ ವಿಚಾರಿಸ್ತಾನೆ. ನಮ್ಮಿಂದ ಅವನಿಗೆ ಎರಡು ದಿನದ ಕೆಲಸ ಹೋಯ್ತು. ಅದರ ಕೂಲಿ ಕೊಡೋಕೆ ಹೋದಾಗ ಬೇಡವೇ ಬೇಡ ಅಂದ. ಬಲವಂತ ಮಾಡಿ ಕೊಟ್ಟು ಬಂದ್ವಿ. ಅದು ಟಿಪ್ಸ್ ಅಲ್ಲ, ಅವನ ದುಡಿಮೆ.

ಹಳೇ ಎಪಿಸೋಡ್‌ನ ಆ ಭಾಗವನ್ನು ತೆಗೆದುಹಾಕಿ, ಅದೇ ಜಾಗದಲ್ಲಿ ತಿದ್ದುಪಡಿ ಸೇರಿಸಿದ್ದೀನಿ. ಅದನ್ನು ಕೇಳಿ ಯಾರಾದ್ರೂ ಟಿಕೆಟ್ ಬುಕ್ ಮಾಡಿದ್ದರೆ, ಅಥವಾ ನಿಮ್ಮ ಗೆಳೆಯರಿಗೆ ಕಳಿಸಿದ್ದರೆ, ದಯವಿಟ್ಟು ಇದನ್ನೂ ಅವರಿಗೇ ಕಳಿಸಿ. ಪ್ರಶ್ನೆ ಇದ್ದರೆ ವಾಯ್ಸ್ ನೋಟ್ ಮಾಡಿ, ಮುಂದಿನ ವಾರ ಉತ್ತರಿಸ್ತೀನಿ. ಈ ಸಲ ದಾಖಲೆ ಓದಿಕೊಂಡೇ ಉತ್ತರಿಸ್ತೀನಿ.

ಅಲ್ಲೀವರೆಗೆ, ಎಲ್ಲೇ ಓಡಿಸಿದರೂ, ತೂ ತೂ. ನಮಸ್ಕಾರ.